ಎಂಟುನೂರು ಜನರಿಗೆ ಒಬ್ಬ ವೈದ್ಯ: ಸಿಯಾಟಲ್‌ನ ಕ್ಲಯನ್ಸ್ ಪ್ರಕರಣ

ಐವತ್ತೆಂಟು ವರ್ಷದ ಹೆಂಗಸೊಬ್ಬರು ವೈದ್ಯರ ಮುಂದೆ ಕುಳಿತಿದ್ದಾರೆ. ರಕ್ತದೊತ್ತಡ 162/96. ಲಿಸಿನೊಪ್ರಿಲ್ ಮಾತ್ರೆ ಶುರುವಾಗಿ ನಾಲ್ಕು ತಿಂಗಳಾಯಿತು, ಒತ್ತಡ ಮಾತ್ರ ಇಳಿದಿಲ್ಲ. ಭೇಟಿಗೆ ಇರುವುದು ಹನ್ನೆರಡು ನಿಮಿಷ. ಅದರಲ್ಲಿ ಅರ್ಧ ಹೊತ್ತು ವೈದ್ಯರ ಕಣ್ಣು ಕಂಪ್ಯೂಟರಿನ ಮೇಲೆಯೇ ಇರುತ್ತದೆ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತಾರೆ. ಆಕೆ ಹೌದು ಎನ್ನುತ್ತಾರೆ. ಹಾಗಿದ್ದರೆ ಒಂದು ಔಷಧ ಸಾಲದು ಎಂದು ತೀರ್ಮಾನಿಸಿ ಆಮ್ಲೊಡಿಪಿನ್ ಸೇರಿಸುತ್ತಾರೆ. ಆರು ವಾರ ಕಳೆದ ಮೇಲೆ ಆಕೆ ಪಾದ ಊದಿಸಿಕೊಂಡು ಬರುತ್ತಾರೆ. ಆಮ್ಲೊಡಿಪಿನ್‌ನಿಂದ ಹಲವರಿಗೆ ಹೀಗೆ ಆಗುವುದುಂಟು. ಊತ ಇಳಿಸಲು ಇನ್ನೊಂದು ಮಾತ್ರೆ ಚೀಟಿಗೆ ಏರುತ್ತದೆ.

ಈಗ ಅದೇ ಹೆಂಗಸು, ಅದೇ ಒತ್ತಡ, ಬೇರೊಂದು ಕ್ಲಿನಿಕ್. ಇಲ್ಲಿ ಮುಕ್ಕಾಲು ಗಂಟೆ ಇದೆ. ವೈದ್ಯರು ಮಾತ್ರೆಯ ಡಬ್ಬಿಯನ್ನೇ ಕೇಳುತ್ತಾರೆ. ಅಮೆರಿಕದಲ್ಲಿ ಔಷಧದಂಗಡಿಯವರು ಮಾತ್ರೆಗಳನ್ನು ಎಣಿಸಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಕೊಟ್ಟ ದಿನಾಂಕವನ್ನೂ ಎಷ್ಟು ಮಾತ್ರೆ ಎಂಬುದನ್ನೂ ಅಚ್ಚು ಹಾಕಿಸಿ ಕೊಡುತ್ತಾರೆ. ದಿನಕ್ಕೊಂದರಂತೆ ಮೂವತ್ತು ಮಾತ್ರೆ, ಕೊಟ್ಟು ಐವತ್ತು ದಿನವಾಗಿದೆ. ವೈದ್ಯರು ಮುಚ್ಚಳ ತೆಗೆದು ಮಾತ್ರೆಗಳನ್ನು ಅಂಗೈ ಮೇಲೆ ಸುರಿದುಕೊಳ್ಳುತ್ತಾರೆ. ಇನ್ನೂ ಆರು ಉಳಿದಿವೆ. ಐವತ್ತು ದಿನಕ್ಕೆ ಇಪ್ಪತ್ತನಾಲ್ಕು ಮಾತ್ರೆ, ಹೆಚ್ಚುಕಡಿಮೆ ದಿನ ಬಿಟ್ಟು ದಿನ. ಬೈಯದೆ, ಯಾಕೆ ಎಂದು ಕೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ: ಮಾತ್ರೆ ತೆಗೆದುಕೊಂಡ ರಾತ್ರಿ ಒಣಕೆಮ್ಮು ಬರುತ್ತದೆ, ಗಂಡನಿಗೂ ನಿದ್ದೆ ಇಲ್ಲ, ಬೆಳಗಿನ ಪಾಳಿಯ ಕೆಲಸ ಇರುವ ಹಿಂದಿನ ದಿನ ಬಿಟ್ಟುಬಿಡುತ್ತೇನೆ. ಲಿಸಿನೊಪ್ರಿಲ್ ಗುಂಪಿನ ಔಷಧಗಳಿಗೆ ಒಣಕೆಮ್ಮು ಬಹಳ ಪರಿಚಿತವಾದ ಅಡ್ಡಪರಿಣಾಮ. ಅದನ್ನು ನಿಲ್ಲಿಸಿ ಲೊಸಾರ್ಟನ್ ಎಂಬ ಬೇರೆ ಗುಂಪಿನ ಬಿಪಿ ಮಾತ್ರೆಗೆ ಬದಲಾಯಿಸಿದರೆ ಸಾಮಾನ್ಯವಾಗಿ ಕೆಮ್ಮು ನಿಲ್ಲುತ್ತದೆ. ಎರಡನೆಯ ಔಷಧ ಬೇಕಾಗದೆಯೇ ಇರಬಹುದಿತ್ತು.

ಈ ಹೆಂಗಸು ನಿಜವಾದ ಒಬ್ಬ ರೋಗಿಯಲ್ಲ. ಪ್ರಾಥಮಿಕ ಚಿಕಿತ್ಸೆಯ ಕೊಠಡಿಗಳಲ್ಲಿ ದಿನನಿತ್ಯ ನಡೆಯುವುದನ್ನು ಹತ್ತಿರದಿಂದ ತೋರಿಸಲು ನಾನು ಕಟ್ಟಿಕೊಂಡ ಚಿತ್ರ. ಎರಡೂ ಕಡೆಯ ವೈದ್ಯರು ಒಂದೇ ವಿದ್ಯೆ ಓದಿದವರು, ಇಬ್ಬರೂ ಒಳ್ಳೆಯವರು. ಕೆಮ್ಮಿನ ಬಗ್ಗೆ ಇಬ್ಬರಿಗೂ ಗೊತ್ತು. ಒಬ್ಬರಿಗೆ ಡಬ್ಬಿ ತೆರೆದು ಎಣಿಸುವಷ್ಟು ಪುರಸೊತ್ತಿತ್ತು, ಇನ್ನೊಬ್ಬರಿಗೆ ಇರಲಿಲ್ಲ. ಆ ಪುರಸೊತ್ತು ಎಲ್ಲಿಂದ ಬರುತ್ತದೆ, ಯಾರು ಅದಕ್ಕೆ ಹಣ ಕೊಡುತ್ತಾರೆ, ಯಾವಾಗ ಅದು ಕೈತಪ್ಪುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಸಿಯಾಟಲ್ ನಗರದಲ್ಲಿ 2007ರಿಂದ 2017ರವರೆಗೆ ನಡೆದ ಕ್ಲಯನ್ಸ್ ಎಂಬ ಕ್ಲಿನಿಕ್ ಸಮೂಹದಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಹನ್ನೆರಡು ನಿಮಿಷದ ಹಿಂದಿನ ಲೆಕ್ಕ

ಅಮೆರಿಕದ ಸಾಮಾನ್ಯ ಕುಟುಂಬ ವೈದ್ಯರೊಬ್ಬರ ಪಟ್ಟಿಯಲ್ಲಿ ಎರಡು ಸಾವಿರದಿಂದ ಎರಡೂವರೆ ಸಾವಿರ ರೋಗಿಗಳಿರುತ್ತಾರೆ ಎಂಬುದು ಅಲ್ಲಿನ ಆರೋಗ್ಯ ಚರ್ಚೆಗಳಲ್ಲಿ ಮತ್ತೆಮತ್ತೆ ಬರುವ ಅಂದಾಜು. ಅಷ್ಟು ಜನರನ್ನು ಒಬ್ಬ ವೈದ್ಯ ನೋಡಿಕೊಳ್ಳಲು ಸಾಧ್ಯವೇ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. 2003ರ ಒಂದು ಅಧ್ಯಯನದ ಪ್ರಕಾರ 2,500 ಜನರಿಗೆ ಮಾಡಬೇಕಾದ ರೋಗ ತಡೆಯುವ ಕೆಲಸಕ್ಕೇ, ಅಂದರೆ ತಪಾಸಣೆ, ಲಸಿಕೆ, ಸಲಹೆಗಳಿಗೆ, ದಿನಕ್ಕೆ 7.4 ಗಂಟೆ ಬೇಕು. ಜ್ವರ, ನೋವು ಎಂದು ಬಂದವರನ್ನು ನೋಡುವುದು ಆಮೇಲಿನ ಮಾತು. 2022ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಎಲ್ಲ ಕೆಲಸವನ್ನೂ ಸೇರಿಸಿ ಮತ್ತೆ ಲೆಕ್ಕ ಮಾಡಿದರು. ಮಾರ್ಗಸೂಚಿಗಳು ಹೇಳುವುದನ್ನೆಲ್ಲ ಮಾಡಬೇಕಾದರೆ ವೈದ್ಯರಿಗೆ ದಿನಕ್ಕೆ 26.7 ಗಂಟೆ ಬೇಕಾಗುತ್ತದೆ. ದಿನದಲ್ಲಿ ಅಷ್ಟು ಗಂಟೆಗಳೇ ಇಲ್ಲ.

ಇದರ ಮೇಲೆ ಕಾಗದದ ಕೆಲಸ. ರೋಗಿಯ ಎದುರು ಕಳೆಯುವ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ವೈದ್ಯರ ಪಕ್ಕದಲ್ಲೇ ಕುಳಿತು ಅಳೆದು ಹೇಳಿತು. ಆ ದಾಖಲೆಯಲ್ಲಿ ಒಂದು ಪಾಲು ವಿಮಾ ಕಂಪನಿಗಾಗಿಯೇ. ರೋಗಕ್ಕೊಂದು ಸಂಕೇತ, ಮಾಡಿದ ಕೆಲಸಕ್ಕೊಂದು ಸಂಕೇತ, ಆ ಕೆಲಸ ಅಗತ್ಯವಿತ್ತು ಎಂಬುದಕ್ಕೆ ಸಮರ್ಥನೆ. ಬಿಲ್ಲು ತಿರಸ್ಕೃತವಾದರೆ ಮತ್ತೆ ಬರೆಯಬೇಕು. ಇದಕ್ಕೆಂದೇ ಪ್ರತಿ ಕ್ಲಿನಿಕ್ ಸಿಬ್ಬಂದಿ ಇಟ್ಟುಕೊಳ್ಳುತ್ತದೆ. ಅವರ ಸಂಬಳಕ್ಕೆ ಇನ್ನಷ್ಟು ರೋಗಿಗಳನ್ನು ನೋಡಬೇಕು. ಇನ್ನಷ್ಟು ರೋಗಿಗಳೆಂದರೆ ಇನ್ನಷ್ಟು ಬಿಲ್ಲು.

ಇನ್ನೊಂದು ಕಟ್ಟೂ ಇತ್ತು. ರೋಗಿ ಎದುರು ಬಂದು ಕುಳಿತರೆ ಮಾತ್ರ ವಿಮೆಯಿಂದ ಹಣ ಬರುತ್ತದೆ ಎಂಬುದು ಬಹುಕಾಲದ ಕ್ರಮವಾಗಿತ್ತು. ಸಂಜೆ ಐದು ನಿಮಿಷ ಫೋನಿನಲ್ಲಿ ಮಾತನಾಡಿ ಮುಗಿಸಬಹುದಾದದ್ದಕ್ಕೂ ರೋಗಿ ಅರ್ಧ ದಿನ ರಜೆ ಹಾಕಿ ಬರಬೇಕಿತ್ತು. ಫೋನಿನಲ್ಲಿ ಪರಿಹಾರ ಹೇಳಿದ ವೈದ್ಯರಿಗೆ ಸಾಮಾನ್ಯವಾಗಿ ಕವಡೆಯೂ ದಕ್ಕುತ್ತಿರಲಿಲ್ಲ.

ಟಕೋಮಾದ ಐವತ್ತು ಸೆಂಟು

ವೈದ್ಯರಿಗೆ ತಿಂಗಳ ಲೆಕ್ಕದಲ್ಲಿ ಹಣ ಕೊಡುವುದು ವಾಷಿಂಗ್ಟನ್ ರಾಜ್ಯಕ್ಕೆ ಹೊಸದೇನಲ್ಲ. ಸಿಯಾಟಲ್‌ನ ದಕ್ಷಿಣಕ್ಕಿರುವ ಟಕೋಮಾ ಮರದ ಕಾರ್ಖಾನೆಗಳ ಊರು. 1910ರಲ್ಲಿ ಅಲ್ಲಿನ ವೆಸ್ಟರ್ನ್ ಕ್ಲಿನಿಕ್, ಕಾರ್ಖಾನೆ ಮಾಲೀಕರಿಗೂ ಕೆಲಸಗಾರರಿಗೂ ತಲಾ ತಿಂಗಳಿಗೆ 50 ಸೆಂಟಿನಂತೆ ಚಿಕಿತ್ಸೆಯ ಹೊಣೆ ಹೊತ್ತಿತು. ಗರಗಸಕ್ಕೆ ಬೆರಳು ಕೊಟ್ಟವನೂ ನ್ಯುಮೋನಿಯಾ ಹಿಡಿದವನೂ ಅದೇ ಚಂದಾದ ಮೇಲೆ ಬರುತ್ತಿದ್ದರು. ಇದೇ ಪ್ರದೇಶದಲ್ಲಿ 1947ರಲ್ಲಿ ಗ್ರೂಪ್ ಹೆಲ್ತ್ ಎಂಬ ಸಹಕಾರಿ ಸಂಸ್ಥೆ ಕೆಲಸ ಆರಂಭಿಸಿತು. ಸದಸ್ಯರೇ ಒಡೆಯರಾಗಿದ್ದ ಆಸ್ಪತ್ರೆ ವ್ಯವಸ್ಥೆ ಅದು.

1996ಕ್ಕೆ ಸಿಯಾಟಲ್ ಇನ್ನೊಂದು ಮಾದರಿಯನ್ನು ಕಂಡಿತು. ನಗರದ ಬಾಸ್ಕೆಟ್‌ಬಾಲ್ ತಂಡ ಸೂಪರ್‌ಸಾನಿಕ್ಸ್‌ನ ವೈದ್ಯರಾಗಿದ್ದ ಹೊವರ್ಡ್ ಮ್ಯಾರನ್ ಎಂಡಿ ಸ್ಕ್ವೇರ್ಡ್ ಎಂಬ ಕ್ಲಿನಿಕ್ ತೆರೆದರು. ಆಟಗಾರರಿಗೆ ಸಿಗುವಂಥ ಆರೈಕೆ ಹಣವಿದ್ದ ಇತರರಿಗೂ ಸಿಗಲಿ ಎಂಬುದು ಅವರ ಯೋಚನೆ. ಒಬ್ಬ ವೈದ್ಯರಿಗೆ ಐವತ್ತೇ ಕುಟುಂಬ, ವರ್ಷಕ್ಕೆ ಸಾವಿರಾರು ಡಾಲರ್ ಶುಲ್ಕ. ಅಮೆರಿಕದಲ್ಲಿ ಕನ್ಸಿಯರ್ಜ್ ವೈದ್ಯಕೀಯ ಎಂದು ಹೆಸರಾದ ಪದ್ಧತಿ ಇಲ್ಲಿಂದ ಬೆಳೆಯಿತು. ಸಿರಿವಂತರಿಗೆ ಅದು ಒಳ್ಳೆಯದೇ ಆಗಿರಬಹುದು. ಆದರೆ ಆರೈಕೆಯ ಹೊತ್ತನ್ನು ಹರಾಜಿನ ವಸ್ತು ಮಾಡಿದ ಆ ದಾರಿಯನ್ನು ಒಪ್ಪಿಕೊಳ್ಳಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ.

ಅದೇ ನಗರದ ಗ್ಯಾರಿಸನ್ ಬ್ಲಿಸ್ ಎಂಬ ವೈದ್ಯರು 1997ರಲ್ಲಿ ಇದೇ ಎಳೆಯನ್ನು ಬೇರೆ ಕಡೆಗೆ ಎಳೆದರು. ತಿಂಗಳ ಶುಲ್ಕ ಇರಲಿ, ಆದರೆ ಮಧ್ಯಮ ವರ್ಗದವರು ಕೊಡುವಷ್ಟಿರಲಿ ಎಂದು ಹೊರಟರು. ಹತ್ತು ವರ್ಷದ ಆ ಅನುಭವದ ಮೇಲೆ 2007ರಲ್ಲಿ ಕ್ಲಯನ್ಸ್ ಹುಟ್ಟಿತು. ಎರಿಕಾ ಬ್ಲಿಸ್ ಎಂಬ ವೈದ್ಯೆ ಮುಂದೆ ಅದರ ಮುಖ್ಯಸ್ಥೆಯಾದರು. ಅದೇ ವರ್ಷ ವಾಷಿಂಗ್ಟನ್ ರಾಜ್ಯ ಒಂದು ಕಾಯಿದೆ ಮಾಡಿತು. ತಿಂಗಳ ಶುಲ್ಕ ಪಡೆದು ಪ್ರಾಥಮಿಕ ಚಿಕಿತ್ಸೆ ಕೊಡುವುದು ವಿಮಾ ವ್ಯಾಪಾರವಲ್ಲ, ಆದ್ದರಿಂದ ವಿಮಾ ಕಂಪನಿಗಳ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ ಎಂದಿತು. ಜೊತೆಗೆ ಎರಡು ಷರತ್ತು ಹಾಕಿತು. ಇದು ವಿಮೆಯಲ್ಲ ಎಂದು ರೋಗಿಗೆ ಬರಹದಲ್ಲಿ ತಿಳಿಸಬೇಕು, ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೇರಿಸಿಕೊಳ್ಳದೆ ಕಳಿಸಬಾರದು. ಈ ಎರಡನೆಯ ಷರತ್ತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅದಿಲ್ಲದಿದ್ದರೆ ತಿಂಗಳ ಚಂದಾ ಪಡೆಯುವ ಯಾವ ಕ್ಲಿನಿಕ್ಕಾದರೂ ಗಟ್ಟಿಮುಟ್ಟಾದವರನ್ನಷ್ಟೇ ಆರಿಸಿಕೊಂಡು ಸುಖವಾಗಿರಬಹುದಿತ್ತು.

ಕ್ಲಯನ್ಸ್ ನಡೆದ ಬಗೆ

ಒಬ್ಬ ವೈದ್ಯರ ಪಟ್ಟಿಯಲ್ಲಿ ಸುಮಾರು 800 ಜನ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ ಹೆಚ್ಚುಕಡಿಮೆ 50ರಿಂದ 100 ಡಾಲರಿನ ಆಸುಪಾಸು ಶುಲ್ಕ. ಎಷ್ಟು ಸಲ ಬಂದರೂ, ಎಷ್ಟು ಸಲ ಫೋನ್ ಮಾಡಿದರೂ ಅಷ್ಟೇ. ವಾರದ ಏಳೂ ದಿನ ಬಾಗಿಲು ತೆರೆದಿರುತ್ತಿತ್ತು. ಕರೆ ಮಾಡಿದ ದಿನ ಅಥವಾ ಮರುದಿನ ಭೇಟಿ ಸಿಗುತ್ತಿತ್ತು. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಒಂದು ಭೇಟಿ. ಎಕ್ಸ್‌ರೇ ಅಲ್ಲೇ, ಹೊಲಿಗೆ ಹಾಕುವುದು ಅಲ್ಲೇ, ಸಾಮಾನ್ಯ ಔಷಧಗಳೂ ಅಲ್ಲೇ. ವಿಮೆಯ ಬಿಲ್ಲು ಬರೆಯುವ ಮೇಜೇ ಇರಲಿಲ್ಲ. ಪ್ರಾಥಮಿಕ ಚಿಕಿತ್ಸೆಗೆ ಖರ್ಚಾಗುವ ಪ್ರತಿ ಡಾಲರಿನಲ್ಲಿ ಸುಮಾರು 40 ಸೆಂಟು ವಿಮೆಯ ವ್ಯವಹಾರಕ್ಕೇ ಸೋರಿಹೋಗುತ್ತದೆ ಎಂಬುದು ಗ್ಯಾರಿಸನ್ ಬ್ಲಿಸ್ ಅವರ ವಾದವಾಗಿತ್ತು. ಅಪಘಾತಕ್ಕೆ, ಶಸ್ತ್ರಚಿಕಿತ್ಸೆಗೆ, ಕ್ಯಾನ್ಸರಿಗೆ ವಿಮೆ ಬೇಕು. ಕಿವಿನೋವಿಗೂ ಸಕ್ಕರೆ ಕಾಯಿಲೆಯ ಮಾಮೂಲಿ ತಪಾಸಣೆಗೂ ಏಕೆ ಬೇಕು ಎಂದು ಅವರು ಕೇಳುತ್ತಿದ್ದರು.

800 ಎಂಬ ಅಂಕಿ ಏನು ಮಾಡುತ್ತದೆ ಎಂಬುದನ್ನು ಕಾಗದದ ಮೇಲೆ ಬಿಡಿಸಿ ನೋಡಬಹುದು. ಒಬ್ಬ ರೋಗಿ ವರ್ಷಕ್ಕೆ ಸರಾಸರಿ ಮೂರು ಸಲ ಬರುತ್ತಾರೆ ಎಂದುಕೊಳ್ಳಿ, ವೈದ್ಯರು ವರ್ಷಕ್ಕೆ 240 ದಿನ, ದಿನಕ್ಕೆ ಎಂಟು ಗಂಟೆ ಕೆಲಸ ಮಾಡುತ್ತಾರೆ ಎಂದುಕೊಳ್ಳಿ. ಪಟ್ಟಿಯಲ್ಲಿ 2,400 ಜನರಿದ್ದರೆ ದಿನಕ್ಕೆ 30 ಭೇಟಿ, ಬರವಣಿಗೆಯೂ ಸೇರಿ ತಲಾ 16 ನಿಮಿಷ. 800 ಜನರಿದ್ದರೆ ದಿನಕ್ಕೆ 10 ಭೇಟಿ, ತಲಾ 48 ನಿಮಿಷ. ಡಬ್ಬಿಯ ಮಾತ್ರೆ ಎಣಿಸಲು ಸಿಗುವ ಹೊತ್ತು ಇದೇ. ವೈದ್ಯರ ಸ್ವಭಾವ ಬದಲಾಗಬೇಕಿಲ್ಲ, ಯಾರಿಗೂ ದಯೆಯ ಪಾಠ ಹೇಳಬೇಕಿಲ್ಲ.

ಹೊತ್ತು ಸಿಕ್ಕಾಗ ಆಗುವ ಇನ್ನೊಂದು ಬದಲಾವಣೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಅವಸರದ ವೈದ್ಯರು ಸ್ವಲ್ಪ ತೊಡಕೆನಿಸಿದ ಎಲ್ಲವನ್ನೂ ತಜ್ಞರಿಗೆ ಬರೆದುಕೊಡುತ್ತಾರೆ, ಏಕೆಂದರೆ ಯೋಚಿಸಲು ಬೇಕಾದ ಇಪ್ಪತ್ತು ನಿಮಿಷ ಅವರ ಬಳಿ ಇಲ್ಲ. ಭುಜದ ನೋವು ಮೂಳೆ ತಜ್ಞರಿಗೆ, ಎದೆಯುರಿ ಹೊಟ್ಟೆಯ ತಜ್ಞರಿಗೆ, ಚರ್ಮದ ಕಲೆ ಚರ್ಮದ ತಜ್ಞರಿಗೆ. ಪ್ರತಿಯೊಬ್ಬರದೂ ಬೇರೆ ಪರೀಕ್ಷೆ, ಬೇರೆ ಬಿಲ್ಲು. ಹೊತ್ತಿರುವ ವೈದ್ಯರು ಭುಜವನ್ನು ತಾವೇ ತಿರುಗಿಸಿ ನೋಡುತ್ತಾರೆ, ಬೇಕಿದ್ದರೆ ಚುಚ್ಚುಮದ್ದನ್ನೂ ತಾವೇ ಕೊಡುತ್ತಾರೆ, ಸಂದೇಹವಿದ್ದರೆ ತಜ್ಞ ಗೆಳೆಯರಿಗೆ ಫೋನ್ ಮಾಡಿ ಕೇಳುತ್ತಾರೆ. ಎರಡು ದಿನ ಬಿಟ್ಟು ರೋಗಿಗೆ ತಾವೇ ಕರೆ ಮಾಡಿ ಕೈ ಎಷ್ಟು ಮೇಲೇಳುತ್ತಿದೆ ಎಂದು ವಿಚಾರಿಸುತ್ತಾರೆ. ಆ ಕರೆಗೆ ಹಣ ಹುಟ್ಟುತ್ತದೋ ಇಲ್ಲವೋ ಎಂಬ ಚಿಂತೆ ಇಲ್ಲ. ತಿಂಗಳ ಶುಲ್ಕ ಆಗಲೇ ಸಂದಿದೆ.

ಒಬ್ಬರೇ ವೈದ್ಯರನ್ನು ವರ್ಷಗಟ್ಟಲೆ ಕಾಣುವುದರಿಂದ ಆಗುವ ಲಾಭ ಕೇವಲ ಮನಸ್ಸಿನ ಸಮಾಧಾನವಲ್ಲ. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರೇ ಕುಟುಂಬ ವೈದ್ಯರ ಬಳಿ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರು ತುರ್ತಾಗಿ ಆಸ್ಪತ್ರೆ ಸೇರುವುದೂ ಸಾಯುವುದೂ, ಒಂದೇ ವರ್ಷದ ಪರಿಚಯವಿದ್ದವರಿಗಿಂತ ಸುಮಾರು ಕಾಲುಭಾಗದಷ್ಟು ಕಡಿಮೆಯಿತ್ತು. ನಾರ್ವೆಯದು ಸರ್ಕಾರಿ ವ್ಯವಸ್ಥೆ, ಆ ಅಧ್ಯಯನ ಈ ಚಂದಾ ಕ್ಲಿನಿಕ್‌ಗಳದ್ದಲ್ಲ. ಆದ್ದರಿಂದ ಈ ಫಲವನ್ನು ನೇರವಾಗಿ ಕ್ಲಯನ್ಸ್‌ನ ಲೆಕ್ಕಕ್ಕೆ ಬರೆಯಲಾಗದು. ಪರಿಚಯಕ್ಕೆ ತೂಕವಿದೆ ಎಂಬುದಕ್ಕೆ ಮಾತ್ರ ಅದು ಗಟ್ಟಿ ಸಾಕ್ಷಿ.

ನಮ್ಮ ಕಡೆಯ ಓದುಗರಿಗೆ ಏಳುವ ಪ್ರಶ್ನೆ

ಕರ್ನಾಟಕದಲ್ಲಿ ಇದನ್ನು ಓದುವವರು ಇಷ್ಟು ಹೊತ್ತಿಗೆ ಕೇಳಿಯೇ ಕೇಳುತ್ತಾರೆ: ನಾವು ಯಾವತ್ತೂ ವೈದ್ಯರಿಗೆ ನೇರವಾಗಿಯೇ ಹಣ ಕೊಡುತ್ತಿದ್ದೇವೆ, ನಡುವೆ ವಿಮೆಯೇ ಇಲ್ಲ, ಆದರೂ ನಮ್ಮೂರಿನ ಡಾಕ್ಟರು ತಲೆ ಎತ್ತಿ ನೋಡುವಷ್ಟರಲ್ಲಿ ಚೀಟಿ ಬರೆದು ಮುಗಿಸಿರುತ್ತಾರಲ್ಲ? ಪ್ರಶ್ನೆ ನ್ಯಾಯವಾದದ್ದೇ. 67 ದೇಶಗಳ ಅಂಕಿಅಂಶ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸ್ವೀಡನ್ನಿನ ಭೇಟಿ 22.5 ನಿಮಿಷ, ಬಾಂಗ್ಲಾದೇಶದ್ದು 48 ಸೆಕೆಂಡು, ನಮ್ಮದು ಸುಮಾರು ಎರಡು ನಿಮಿಷ ಎಂದಿತ್ತು. ತಾಲ್ಲೂಕು ಕೇಂದ್ರದ ಯಾವುದೇ ಕ್ಲಿನಿಕ್ಕಿನ ಮುಂದೆ ಸಂಜೆ ಆರು ಗಂಟೆಗೆ ಟೋಕನ್ ಹಿಡಿದು ಬೆಂಚಿನ ಮೇಲೆ ಕುಳಿತವರಿಗೆ ಆ ಸಮೀಕ್ಷೆ ಬೇಕಿಲ್ಲ.

ನೇರವಾಗಿ ಕೊಟ್ಟ ಮಾತ್ರಕ್ಕೆ ಹೊತ್ತು ಸಿಗುವುದಿಲ್ಲ ಎಂಬುದನ್ನು ನಮ್ಮ ಅನುಭವವೇ ಹೇಳುತ್ತದೆ. ನಮ್ಮಲ್ಲಿ ಹಣ ಕೊಡುವುದು ತಲೆಗಿಷ್ಟು ಎಂದು, ಭೇಟಿಗಿಷ್ಟು ಎಂದು. ಬೆಂಚು ತುಂಬಿದಷ್ಟೂ ಆದಾಯ. ಕ್ಲಯನ್ಸ್ ಬದಲಾಯಿಸಿದ್ದು ಹಣ ಬರುವ ದಾರಿಯನ್ನಷ್ಟೇ ಅಲ್ಲ, ಹಣ ಹುಟ್ಟುವ ಕಾರಣವನ್ನು. ತಿಂಗಳ ಶುಲ್ಕವೂ ಪಟ್ಟಿಗೆ ಮಿತಿಯೂ ಎರಡೂ ಕೂಡಿದಾಗ, ರೋಗಿ ಚೆನ್ನಾಗಿದ್ದು ಮನೆಯಲ್ಲೇ ಉಳಿದರೆ ವೈದ್ಯರಿಗೆ ನಷ್ಟವಿಲ್ಲ. ರೋಗಿಗೆ ತೃಪ್ತಿಯಾಗದಿದ್ದರೆ ಮುಂದಿನ ತಿಂಗಳು ಚಂದಾ ನಿಲ್ಲಿಸಿ ಹೊರಟುಹೋಗುತ್ತಾರೆ. ಈ ಎರಡರಲ್ಲಿ ಒಂದು ಕಳಚಿದರೂ ಉಳಿದದ್ದು ನಿಲ್ಲುವುದಿಲ್ಲ ಎಂದು ನನಗನ್ನಿಸುವುದು ಕ್ಲಯನ್ಸ್‌ನ ಮುಂದಿನ ಕಥೆಯಿಂದಲೇ.

ಬೆಳೆದದ್ದು, ಮುಚ್ಚಿದ್ದು

2010 ಈ ಸಂಸ್ಥೆಯ ಅದೃಷ್ಟದ ವರ್ಷ. ಅಮೆಜಾನ್‌ನ ಜೆಫ್ ಬೆಜೋಸ್, ಕಂಪ್ಯೂಟರ್ ಉದ್ಯಮಿ ಮೈಕೆಲ್ ಡೆಲ್ ಅವರ ಹೂಡಿಕೆ ಸಂಸ್ಥೆಗಳು ಹಣ ಹಾಕಿದವು. ಅದೇ ವರ್ಷ ಒಬಾಮಾ ಸರ್ಕಾರದ ಆರೋಗ್ಯ ಕಾಯಿದೆ ಅಂಗೀಕಾರವಾದಾಗ, ದೊಡ್ಡ ಖರ್ಚಿಗೆ ವಿಮೆ ಮತ್ತು ದಿನನಿತ್ಯದ ಚಿಕಿತ್ಸೆಗೆ ಇಂಥ ಚಂದಾ ಕ್ಲಿನಿಕ್ ಎಂಬ ಜೋಡಿಗೂ ಅದರಲ್ಲಿ ಒಂದು ಕಲಮು ಸೇರಿತು. ಕ್ಲಯನ್ಸ್‌ನಂಥ ಕ್ಲಿನಿಕ್‌ಗಳನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದ ಕಲಮು ಅದು. ಎಕ್ಸ್‌ಪೀಡಿಯಾದಂಥ ದೊಡ್ಡ ಕಂಪನಿಗಳು ತಮ್ಮ ನೌಕರರ ಪರವಾಗಿ ತಿಂಗಳ ಶುಲ್ಕ ತುಂಬತೊಡಗಿದವು.

2014ರಲ್ಲಿ ಅದು ಬಹಳ ಧೈರ್ಯದ ಹೆಜ್ಜೆ ಇಟ್ಟಿತು. ಬಡವರಿಗಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂಡಿ ನಡೆಸುವ ಮೆಡಿಕೇಡ್ ಯೋಜನೆಯ ರೋಗಿಗಳನ್ನು, ಕೋಆರ್ಡಿನೇಟೆಡ್ ಕೇರ್ ಎಂಬ ವಿಮಾ ಸಂಸ್ಥೆಯ ಒಪ್ಪಂದದ ಮೂಲಕ ಸೇರಿಸಿಕೊಂಡಿತು. ಅಮೆರಿಕದಲ್ಲಿ ಮೆಡಿಕೇಡ್ ಕಾರ್ಡು ಹಿಡಿದವರಿಗೆ ವೈದ್ಯರು ಸಿಗುವುದೇ ಕಷ್ಟ. ಕೊಡುವ ಹಣ ಕಡಿಮೆ ಎಂದು ಎಷ್ಟೋ ಕ್ಲಿನಿಕ್‌ಗಳು ಅವರನ್ನು ತೆಗೆದುಕೊಳ್ಳುವುದಿಲ್ಲ. ಅಂಥವರಿಗೂ ಅರ್ಧ ಗಂಟೆಯ ಭೇಟಿ, ವಾರಾಂತ್ಯದ ಫೋನು ಸಿಗಬೇಕು ಎಂದು ಹೊರಟದ್ದನ್ನು ನಾನು ಮನಸಾರೆ ಗೌರವಿಸುತ್ತೇನೆ. ಈ ಪದ್ಧತಿ ಹಣವಂತರದು ಎಂಬ ಆರೋಪಕ್ಕೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಉತ್ತರ ಕೊಡಲು ಹೊರಟವರು ಆಗ ವಿರಳ. ರೋಗಿಗಳ ಸಂಖ್ಯೆ 35 ಸಾವಿರದ ಹತ್ತಿರ ಹೋಯಿತು, ಅವರಲ್ಲಿ ಅರ್ಧದಷ್ಟು ಜನ ಮೆಡಿಕೇಡ್‌ನವರು. ತಮ್ಮಲ್ಲಿಗೆ ಬರುವ ನೌಕರರ ಒಟ್ಟು ವೈದ್ಯಕೀಯ ಖರ್ಚು ಉಳಿದವರಿಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆ ಎಂದು 2015ರ ಆರಂಭದಲ್ಲಿ ಸಂಸ್ಥೆ ಪ್ರಕಟಿಸಿತು. ಅದು ಅವರೇ ಮಾಡಿದ ಲೆಕ್ಕ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

2017ರ ಬೇಸಿಗೆಯ ಹೊತ್ತಿಗೆ ಕ್ಲಯನ್ಸ್ ಎಲ್ಲ ಕ್ಲಿನಿಕ್‌ಗಳನ್ನೂ ಮುಚ್ಚಿತು. ಕಾರಣ ಹಣದ ಮುಗ್ಗಟ್ಟು. ಸಾವಿರಾರು ಜನ ಮತ್ತೆ ಹೊಸ ವೈದ್ಯರನ್ನು ಹುಡುಕಿಕೊಂಡು ಹೊರಟರು, ಪರಿಚಯವನ್ನು ಮೊದಲಿನಿಂದ ಆರಂಭಿಸಬೇಕಾಯಿತು.

ಸೋತದ್ದು ಚಿಕಿತ್ಸೆಯ ಪದ್ಧತಿ ಎಂದು ಆಗ ಹಲವರು ಬರೆದರು. ನನ್ನ ಓದು ಬೇರೆ. ಆರಂಭದಲ್ಲಿ ಈ ಕ್ಲಿನಿಕ್‌ಗೆ ಹಣ ಕೊಡುತ್ತಿದ್ದವರು ಬಿಡಿಬಿಡಿ ರೋಗಿಗಳು. ಹತ್ತು ಜನ ಬಿಟ್ಟುಹೋದರೆ ಹತ್ತು ಜನರ ಶುಲ್ಕ ಹೋಗುತ್ತಿತ್ತು, ಅಷ್ಟೇ. ದೊಡ್ಡ ಕಂಪನಿಗಳೂ ವಿಮಾ ಸಂಸ್ಥೆಯೂ ಬಂದ ಮೇಲೆ ಒಂದು ಸಹಿಗೆ ಸಾವಿರಾರು ರೋಗಿಗಳು ಬಂದರು. ಒಂದು ಸಹಿಗೆ ಅಷ್ಟೇ ಜನ ಹೋಗಬಹುದು ಎಂಬ ಸ್ಥಿತಿಯೂ ಅದರ ಜೊತೆಗೇ ಬಂತು. ಬರುವವರಿಗಾಗಿ ಮೊದಲೇ ಕಟ್ಟಡ ಹಿಡಿಯಬೇಕು, ವೈದ್ಯರನ್ನು ನೇಮಿಸಬೇಕು, ಪಟ್ಟಿ 800 ದಾಟದಂತೆ ನೋಡಿಕೊಳ್ಳಬೇಕು. ಆ ಖರ್ಚು ಕಾಯುವುದಿಲ್ಲ. ನಡುವಿನ ಮೂರನೆಯವರನ್ನು ತೆಗೆದುಹಾಕಿ ಹುಟ್ಟಿದ ಕ್ಲಿನಿಕ್, ಬೆಳೆಯುವ ಹೊತ್ತಿಗೆ ಮೂರನೆಯವರನ್ನೇ ನೆಚ್ಚಿಕೊಳ್ಳಬೇಕಾಯಿತು. ರೋಗಿ ಇಷ್ಟವಾಗದಿದ್ದರೆ ಬಿಟ್ಟುಹೋಗಬಹುದು ಎಂಬ ಹಕ್ಕು ಈಗ ರೋಗಿಯ ಕೈಯಲ್ಲಿರಲಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದವರ ಕೈಯಲ್ಲಿತ್ತು.

ವಿಚಿಟಾದ ಚಿಕ್ಕ ಲೆಕ್ಕ

ಹೋಲಿಕೆಗೆ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದ ಅಟ್ಲಾಸ್ ಎಂಡಿಯನ್ನು ನೋಡಬಹುದು. ಜಾಷ್ ಅಂಬೇರ್ ಎಂಬ ಕುಟುಂಬ ವೈದ್ಯರು ವೈದ್ಯ ತರಬೇತಿ ಮುಗಿಸುತ್ತಲೇ 2010ರಲ್ಲಿ ಶುರು ಮಾಡಿದ ಕ್ಲಿನಿಕ್ ಇದು. ಅವರ ಆರಂಭದ ದರಪಟ್ಟಿ ಗೋಡೆಯ ಮೇಲೆ ಬರೆದಿಡುವಷ್ಟು ಸರಳ: ಮಕ್ಕಳಿಗೆ ತಿಂಗಳಿಗೆ 10 ಡಾಲರ್, 44ರವರೆಗಿನ ವಯಸ್ಕರಿಗೆ 50, 64ರವರೆಗೆ 75, ಅದರ ಮೇಲಿನವರಿಗೆ 100. ವೈದ್ಯರೊಬ್ಬರಿಗೆ ಸುಮಾರು 600 ರೋಗಿಗಳು. ಸರಾಸರಿ 60 ಡಾಲರ್ ಎಂದು ಹಿಡಿದರೂ ತಿಂಗಳಿಗೆ 36 ಸಾವಿರ, ವರ್ಷಕ್ಕೆ 4,32,000 ಡಾಲರ್. ಬಿಲ್ಲಿನ ಗುಮಾಸ್ತರಿಲ್ಲ, ಒಬ್ಬ ನರ್ಸು, ಬಾಡಿಗೆ, ಸಾಮಗ್ರಿ ಕಳೆದು ವೈದ್ಯರಿಗೆ ಗೌರವಯುತ ಸಂಬಳ ಉಳಿಯುತ್ತದೆ. ಔಷಧವನ್ನು ಸಗಟು ದರಕ್ಕೆ ಕೊಂಡು ಅತ್ಯಲ್ಪ ಲಾಭ ಇಟ್ಟುಕೊಂಡು ರೋಗಿಗೆ ಕೊಡುತ್ತಾರೆ. ರಕ್ತದೊತ್ತಡದ ಹಳೆಯ ಮಾತ್ರೆಗಳು ಸಗಟಿನಲ್ಲಿ ಒಂದಕ್ಕೆ ಕೆಲವೇ ಸೆಂಟು. ನಿತ್ಯ ಮೂರ್ನಾಲ್ಕು ಮಾತ್ರೆ ನುಂಗುವ ಹಿರಿಯರಿಗೆ ಈ ಉಳಿತಾಯದಲ್ಲೇ ತಿಂಗಳ ಶುಲ್ಕದ ಒಂದು ಭಾಗ ಹೊರಡುತ್ತದೆ.

ಈ ಚಿಕ್ಕ ಅಳತೆಯೇ ಪದ್ಧತಿಯ ದೊಡ್ಡ ಕೊರತೆಯೂ ಹೌದು. 2,400 ಜನರನ್ನು ನೋಡುತ್ತಿದ್ದ ವೈದ್ಯರು 600 ಜನರನ್ನು ಇಟ್ಟುಕೊಂಡರೆ ಉಳಿದ 1,800 ಜನ ಎಲ್ಲಿಗೆ ಹೋಗಬೇಕು? ಕುಟುಂಬ ವೈದ್ಯರ ಕೊರತೆ ಇರುವ ದೇಶದಲ್ಲಿ ಈ ಪ್ರಶ್ನೆಯನ್ನು ಹಾರಿಸಿಕೊಂಡು ಹೋಗಲಾಗದು. ಇಲ್ಲದಿದ್ದರೆ ಬಳಲಿ ವೃತ್ತಿಯನ್ನೇ ಬಿಡುತ್ತಿದ್ದ ವೈದ್ಯರು ಉಳಿದುಕೊಳ್ಳುತ್ತಾರೆ, ಹೊಸಬರು ಈ ಕಡೆ ಬರುತ್ತಾರೆ ಎಂದು ಪ್ರತಿಪಾದಕರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ, ಆದರೆ ಇವತ್ತು ಹೊರಗುಳಿದ ರೋಗಿಗೆ ಅದು ಉತ್ತರವಲ್ಲ. ಆಸ್ಪತ್ರೆ ಸೇರಬೇಕಾದರೆ ವಿಮೆ ಬೇಕೇ ಬೇಕು, ಆದ್ದರಿಂದ ಅನೇಕರಿಗೆ ಇದು ಎರಡನೆಯ ಖರ್ಚು. ಪುರಾವೆಯೂ ಅಷ್ಟಕ್ಕಷ್ಟೇ. ಅಮೆರಿಕದ ವಿಮಾ ಗಣಿತಜ್ಞರ ಸಂಘ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಕಂಪನಿಯ ನೌಕರರನ್ನು ಹೋಲಿಸಿ ನೋಡಿದಾಗ, ಚಂದಾ ಕ್ಲಿನಿಕ್ ಆರಿಸಿಕೊಂಡವರು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುವುದು ಸುಮಾರು ಶೇಕಡಾ 40ರಷ್ಟು ಕಡಿಮೆಯಿತ್ತು. ಒಟ್ಟು ಖರ್ಚಿನಲ್ಲಿ ಮಾತ್ರ ಖಚಿತವಾಗಿ ಹೇಳಬಹುದಾದ ಉಳಿತಾಯ ಕಾಣಲಿಲ್ಲ. ನಡುರಾತ್ರಿ ಆಂಬುಲೆನ್ಸ್ ಕರೆಯುವ ಬದಲು ಪರಿಚಯದ ವೈದ್ಯರಿಗೆ ಫೋನ್ ಮಾಡುವಂತಾದದ್ದನ್ನು ನಾನು ಹಣದಲ್ಲಿ ಅಳೆಯಲಾರೆ. ಆದರೆ ಹಣವೂ ಉಳಿಯುತ್ತದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ಅವರ ಲೆಕ್ಕವನ್ನು ಬಿಡಿಸಿ ನೋಡಲೇಬೇಕು.

ಸೂಟ್‌ಕೇಸಿನ ಮಾತ್ರೆಗಳು

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಈ ಕ್ಲಿನಿಕ್‌ಗಳು ಹತ್ತಿರವಾಗುವುದು ಅಪ್ಪ ಅಮ್ಮ ಬಂದಾಗ. ಮೈಸೂರಿನಿಂದಲೋ ದಾವಣಗೆರೆಯಿಂದಲೋ ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಪಕ್ಕದಲ್ಲಿ ಆರು ತಿಂಗಳಿಗಾಗುವಷ್ಟು ಬಿಪಿ, ಶುಗರ್ ಮಾತ್ರೆಗಳ ಸ್ಟ್ರಿಪ್‌ಗಳಿರುತ್ತವೆ. ಪ್ರವಾಸಿಗರಿಗೆ ಕೊಡುವ ವಿಮೆಗಳು ಬಹುಮಟ್ಟಿಗೆ ಹಳೆಯ ಕಾಯಿಲೆಗಳನ್ನು ಹೊರಗಿಡುತ್ತವೆ. ಅಂದರೆ ಎಪ್ಪತ್ತರ ತಾಯಿಗೆ ನಿಜವಾಗಿ ಬೇಕಾದ್ದಕ್ಕೇ ವಿಮೆ ಇಲ್ಲ. ಗ್ರೀನ್ ಕಾರ್ಡ್ ಪಡೆದು ಮಕ್ಕಳ ಬಳಿಯೇ ನೆಲೆಸಿದ ಹಿರಿಯರೂ, ಅಲ್ಲಿ ಕೆಲಸ ಮಾಡಿದ ಹಿನ್ನೆಲೆ ಇಲ್ಲದಿದ್ದರೆ, ವಯಸ್ಸಾದವರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯನ್ನು ಹಣ ಕೊಟ್ಟು ಪಡೆಯಲು ಐದು ವರ್ಷ ಕಾಯಬೇಕು.

ಅಂಥ ಮನೆಗೆ ತಿಂಗಳ ಚಂದಾದ ಕ್ಲಿನಿಕ್ ಒಂದು ಆಸರೆ. ವಿಮೆಯ ಕಾರ್ಡು ಕೇಳುವುದಿಲ್ಲ, ದರ ಮೊದಲೇ ಗೊತ್ತಿರುತ್ತದೆ, ಊರಿನ ಮಾತ್ರೆಯ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರಡಿ ಯಾವುದಕ್ಕೆ ಇಲ್ಲಿ ಯಾವ ಹೆಸರು ಎಂದು ಹೊಂದಿಸಿ ನೋಡುವಷ್ಟು ಹೊತ್ತು ವೈದ್ಯರಿಗಿರುತ್ತದೆ. ಊರಿನಲ್ಲಿ ಒಂದೇ ಮಾತ್ರೆಯೊಳಗೆ ಎರಡು ಮೂರು ಔಷಧ ಬೆರೆಸಿ ಕೊಡುವುದು ಸಾಮಾನ್ಯ. ಅಮೆರಿಕದ ವೈದ್ಯರಿಗೆ ಆ ಬ್ರ್ಯಾಂಡ್ ಹೆಸರುಗಳು ಅಪರಿಚಿತ. ಮಗಳು ಪಕ್ಕದಲ್ಲಿ ಕುಳಿತು ಅಮ್ಮನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಬೇಕು, ವೈದ್ಯರ ಇಂಗ್ಲಿಷನ್ನು ಕನ್ನಡಕ್ಕೆ. ಎದೆಯಲ್ಲಿ ‘ಒಂಥರಾ ಸಂಕಟ’ ಎಂದು ಅಮ್ಮ ಅಂದರೆ ಅದು ನೋವೋ, ಉರಿಯೋ, ಬರೀ ಊರಿನ ನೆನಪೋ ಎಂದು ಬಿಡಿಸಿಕೊಳ್ಳಲು ಎರಡು ಸುತ್ತು ಮಾತು ಬೇಕು. ಹನ್ನೆರಡು ನಿಮಿಷದಲ್ಲಿ ಅದು ಆಗುವ ಕೆಲಸವಲ್ಲ.

2025ರ ಜುಲೈನಲ್ಲಿ ಅಮೆರಿಕದಲ್ಲಿ ಅಂಗೀಕಾರವಾದ ತೆರಿಗೆ ಕಾಯಿದೆ ಈ ಕ್ಲಿನಿಕ್‌ಗಳ ಬಹಳ ಹಳೆಯ ತೊಡಕೊಂದನ್ನು ಬಿಡಿಸಿತು. ತೆರಿಗೆ ವಿನಾಯಿತಿಯ ಆರೋಗ್ಯ ಉಳಿತಾಯ ಖಾತೆ ಇರುವವರು ಚಂದಾ ಕ್ಲಿನಿಕ್ ಸೇರಿದರೆ ಆ ಖಾತೆಗೆ ಹಣ ಹಾಕುವ ಅರ್ಹತೆಗೇ ಕುತ್ತು ಬರುವಂತಿತ್ತು. 2026ರ ಜನವರಿ 1ರಿಂದ, ಶುಲ್ಕ ಒಂದು ಮಿತಿಯೊಳಗಿದ್ದರೆ, ಆ ಅಡ್ಡಿ ಇಲ್ಲ. 2026ರ ಮಿತಿಯಂತೆ ತಿಂಗಳ ಶುಲ್ಕ ಒಬ್ಬರಿಗೆ 150 ಡಾಲರ್, ಕುಟುಂಬಕ್ಕೆ 300 ಡಾಲರ್ ಮೀರದಿದ್ದರೆ ಅದನ್ನು ಆ ಖಾತೆಯಿಂದಲೇ ಕೊಡಬಹುದು.

ಸಿಯಾಟಲ್‌ನಲ್ಲಿ ಕ್ಲಯನ್ಸ್‌ನ ಬಾಗಿಲು ಮುಚ್ಚಿದ ಮೇಲೆ ಎರಿಕಾ ಬ್ಲಿಸ್ ವೈದ್ಯ ವೃತ್ತಿಯನ್ನು ಬಿಡಲಿಲ್ಲ, ಯಾವುದೋ ದೊಡ್ಡ ಆಸ್ಪತ್ರೆಯ ಸಂಬಳಕ್ಕೂ ಸೇರಲಿಲ್ಲ. ಅದೇ ನಗರದಲ್ಲಿ ಈಕ್ವಿನಾಕ್ಸ್ ಎಂಬ ಹೆಸರಿನಲ್ಲಿ ಇದೇ ತಿಂಗಳ ಶುಲ್ಕದ ಚಿಕ್ಕ ಕ್ಲಿನಿಕ್ ತೆರೆದು ಮತ್ತೆ ರೋಗಿಗಳನ್ನು ನೋಡತೊಡಗಿದರು.